ಬಾಯಿಗೊಂದು ಮೂಗುದಾರ

ನಾನು ಮದುವೆಯಾಗಿ ಈ ಊರಿಗೆ ಬಂದ ದಿನ ವಿಪರೀತ ಸೆಕೆ. ಮನೆ ತುಂಬಿಸಿಕೊಂಡ ಮೇಲೆ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಎಲ್ಲರೂ ಊಟದ ಗಡಿಬಿಡಿಗೆ ಹೋದರು. ತಲೆಯ ಮೇಲೆ ಫ್ಯಾನ್ ಇತ್ತು. ಗುಂಡಿ ಒತ್ತಿದೆ, ತಿರುಗಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡು ಸೆರಗಿನಲ್ಲೇ ಗಾಳಿ ಹಾಕಿಕೊಳ್ಳುತ್ತ ಕೂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಅತ್ತೆ ಪುಟ್ಟನಂಜಮ್ಮ ಒಳಗೆ ಬಂದು, ಕತ್ತೆತ್ತಿ, "ಎ ಫ್ಯಾನ್" ಎಂದರು. ಅದು ತಿರುಗತೊಡಗಿತು. "ನಿಮ್ಮೂರಲ್ಲಿ ಮೂಗುದಾರ ಇಲ್ದೇನೇ ಎತ್ತು ಹೊಡೀತೀರೇನವ್ವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಇಲ್ಲಿ ಇಂಗ್ಲಿಷ್ ಹೆಸರಿನ ಯಾವ ವಸ್ತುವೂ ಬರೀ ಹೆಸರಿಗೆ ಓಗೊಡುವುದಿಲ್ಲ. ಹೆಸರಿಗೆ ಮೊದಲು ಎ ಅಥವಾ ಆ್ಯನ್, ಎರಡರಲ್ಲಿ ಅದಕ್ಕೆ ಸಲ್ಲುವುದನ್ನು ಹಚ್ಚಿ ಕರೆಯಬೇಕು. ಅದಕ್ಕೇ ಊರವರು ಆ ಪುಟ್ಟ ಮಾತುಗಳಿಗೆ ಮೂಗುದಾರ ಅನ್ನುವುದು. ಎ ಅಂದರೆ ಗಿಡ್ಡ ದಾರ, ಆ್ಯನ್ ಅಂದರೆ ಉದ್ದ ದಾರ. ಬೆಳಿಗ್ಗೆ ಒಮ್ಮೆ ಸರಿಯಾಗಿ ಕರೆದರೆ ಆ ವಸ್ತು ಅವತ್ತೆಲ್ಲ ಗುರುತಿನದ್ದಾಗಿ ಕೆಲಸ ಮಾಡುತ್ತದೆ. ಮಾರನೆಯ ದಿನ ಮತ್ತೆ ಅಪರಿಚಿತ. ಬಸ್ಸಿನ ಬಾಗಿಲೊಂದು ಮಾತ್ರ ಹಟಮಾರಿ. ಕರೆದವರನ್ನಷ್ಟೇ, ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಮುಚ್ಚಿಕೊಳ್ಳುತ್ತದೆ, ಕಂಕುಳಿನ ಕೂಸಿಗಷ್ಟೇ ವಿನಾಯಿತಿ. ಕನ್ನಡದಲ್ಲಿ ಕರೆದು ನೋಡಿದವರೂ ಇದ್ದಾರೆ. ಒಲೆ ಅಂದರೆ ಒಲೆ ಉರಿಯುತ್ತದೆಯೇ ಹೊರತು ಓವನ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಕ್ಕಳು ಯೂನಿಫಾರ್ಮ್ ಎದುರು ನಿಂತು ಆ್ಯನ್ ಹಚ್ಚಿ, ಗುಂಡಿ ಕೂರದೆ, ಸ್ಕೂಲಿಗೆ ತಡವಾಗಿ ಅಳುವುದು ಬೀದಿಬೀದಿಯಲ್ಲಿ ಕೇಳುತ್ತದೆ. "ಎ ಯೂನಿಫಾರ್ಮ್ ಅನ್ನೋ ಮುಠ್ಠಾಳ" ಎಂದು ಅಡುಗೆಮನೆಯಿಂದ ತಾಯಂದಿರು ಕೂಗುತ್ತಾರೆ. ಹೊರಗಿನಿಂದ ಭಾಷಣಕ್ಕೆ ಬಂದ ದೊಡ್ಡವರು ಮೈಕನ್ನು ಎಷ್ಟು ಕುಟ್ಟಿದರೂ ಅದು ಮಾತಾಡುವುದಿಲ್ಲ. ಯಾರೋ ಹಿಂದಿನಿಂದ ಬಗ್ಗಿ ಕಿವಿಯಲ್ಲಿ ಹೇಳಬೇಕು.

ನಮ್ಮ ಮನೆಯದು ಬೇಕರಿ. ಅದರ ಓವನ್ ಊರಿನ ಇಂಗ್ಲಿಷ್ ವಸ್ತುಗಳಲ್ಲೆಲ್ಲ ಹಳೆಯದು. ಇಟ್ಟಿಗೆಯ ಗವಿಯಂಥ ಹೊಟ್ಟೆ, ಕಬ್ಬಿಣದ ಬಾಗಿಲು. ಸೌದೆ ತುಂಬಿ ಕರೆದರೆ ತಾನೇ ಹೊತ್ತಿಕೊಳ್ಳುತ್ತದೆ. ಮಾತು ಕಲಿತ ಮಕ್ಕಳಿಗೆ ಮೊದಲ ಮೂಗುದಾರ ಹಿಡಿಸುವುದು ಅದರ ಮುಂದೆಯೇ. ತಾಯಿತಂದೆ ಮಗುವಿಗೆ ಹೊಸ ಬಟ್ಟೆ ತೊಡಿಸಿ ಕರೆತರುತ್ತಾರೆ. ಅತ್ತೆ ಮಗುವಿನ ಗಲ್ಲ ಹಿಡಿದು, "ಬಾಯಿ ಅಗಲ ಬುಡು. ಆ್ಯನ್. ಓವನ್. ಮಧ್ಯೆ ಉಗುಳು ನುಂಗಬೇಡ" ಅನ್ನುತ್ತಾರೆ. ಮಗು ಹೇಳುತ್ತದೆ, ಬೆಂಕಿ ಧಗ್ಗೆನ್ನುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮಗುವಿಗೆ ಬಿಸಿ ಬನ್ನು ಸಿಗುತ್ತದೆ. ಊರಿನ ಅರ್ಧ ಜನ ಅತ್ತೆಯ ಕೈಯಲ್ಲಿ ಗಲ್ಲ ಹಿಡಿಸಿಕೊಂಡವರೇ.

ನನ್ನನ್ನೂ ಅವರೇ ತಿದ್ದಿದ್ದು. ನಮ್ಮ ತವರಿನ ಕಡೆ ಹಕಾರ ಅಷ್ಟಕ್ಕಷ್ಟೆ. ಹಾಲು ಆಲಾಗಿ, ಹೂವು ಊವಾಗಿ ಬೆಳೆದವಳು ನಾನು. ಬಚ್ಚಲಲ್ಲಿ ನಿಂತು ನೀರಿನ ಹೀಟರಿಗೆ "ಎ ಈಟರ್, ಎ ಈಟರ್" ಎಂದು ಗೋಗರೆದು, ಅದು ಮಿಸುಕದೆ, ತಣ್ಣೀರು ಮಿಂದು ನಡುಗಿದ್ದೇನೆ. ಅತ್ತೆ ನನ್ನ ಅಂಗೈಯನ್ನು ನನ್ನದೇ ಬಾಯಿಯ ಮುಂದೆ ಹಿಡಿಸಿ, ಉಸಿರು ತಾಗುವ ತನಕ ಹ, ಹಾ, ಹಿ ಎಂದು ಹೇಳಿಸಿದರು. "ವಸ್ತು ತಿದ್ದಕ್ಕಾಗಲ್ಲ, ಮಾತು ತಿದ್ದಕ್ಕಾಗಲ್ಲ. ಬಾಯಿ ತಿದ್ಕೋಬೇಕು ಹೇಮಾ" ಎನ್ನುತ್ತಿದ್ದರು. ಹೇಮಲತಾ ಎಂಬ ನನ್ನ ಹೆಸರನ್ನು ನಾನೇ ಸರಿಯಾಗಿ ಹೇಳಲು ಕಲಿತದ್ದು ಈ ಮನೆಯಲ್ಲಿ. ಆಗ ಅಳು ಬರುತ್ತಿತ್ತು. ಆಮೇಲೆ ಹೀಟರು ಬಿಸಿನೀರು ಕೊಟ್ಟಾಗ ಅತ್ತೆಯ ಮೇಲಿನ ಸಿಟ್ಟೂ ಇಳಿಯಿತು.

ಅವರಿಗೆ ಲಕ್ವ ಹೊಡೆದದ್ದು ಹಿಟ್ಟು ನಾದುವಾಗ. ಮಾತಾಡುತ್ತಿದ್ದವರು ಸುಮ್ಮನಾದರು, ಹಿಟ್ಟಿನ ಮೇಲೆ ಹಾಗೇ ಒರಗಿದರು. ನನ್ನ ಗಂಡ ಪರಶಿವ ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಕೈ ನಿಧಾನವಾಗಿ ಮರಳಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಬಾಯಿ ಮಾತ್ರ ಬಲಗಡೆಗೆ ಜಾರಿಹೋಗಿತ್ತು. ಮಾತು ಬರುತ್ತಿತ್ತು, ಆದರೆ ತುಟಿ ಅವರು ಹೇಳಿದ ಹಾಗೆ ಕೇಳುತ್ತಿರಲಿಲ್ಲ. "ಮಾತಾಡ್ತಾ ಇರ್ಬೇಕು. ಅದೇ ಔಷಧಿ. ಸುಮ್ನೆ ಕೂತ್ರೆ ಇರೋದೂ ಹೋಗುತ್ತೆ" ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಓವನ್ ಮುಂದೆ ಹೋಗಿ ನಿಂತರು. ನಾವು ಯಾರೂ ಬೇಡ ಅನ್ನಲಿಲ್ಲ. ಅವರು ಕರೆದರು. ಸೌದೆ ತಣ್ಣಗೇ ಬಿದ್ದಿತ್ತು. ಮತ್ತೆ ಕರೆದರು. ಬ್ರೆಡ್ಡಿಗೆ ಕಾದು ನಿಂತಿದ್ದವರು ಮುಖ ತಿರುಗಿಸಿಕೊಂಡು ರಸ್ತೆ ನೋಡತೊಡಗಿದರು. ಕೊನೆಗೆ ಪರಶಿವ ಮೆಲ್ಲಗೆ ಅವರ ಹಿಂದೆ ನಿಂತು "ಆ್ಯನ್ ಓವನ್" ಎಂದರು. ಬೆಂಕಿ ಎದ್ದಿತು. ಅತ್ತೆ ಮಗನನ್ನು ಒಮ್ಮೆ ನೋಡಿ, ಹಿತ್ತಿಲ ಕಡೆ ಹೋಗಿ, ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತರು. ಅವತ್ತಿನಿಂದ ಅವರು ಮಾತಾಡುವುದನ್ನೇ ನಿಲ್ಲಿಸಿದರು.

ಬೇಕರಿಗೆ ಏನೂ ಕೊರತೆಯಾಗಲಿಲ್ಲ. ನಾನು ಓವನ್ ಕರೆಯುತ್ತಿದ್ದೆ, ಪರಶಿವ ಆಟೋದಲ್ಲಿ ಅಂಗಡಿಗಳಿಗೆ ಬ್ರೆಡ್ಡು ಮುಟ್ಟಿಸುತ್ತಿದ್ದರು. ಅತ್ತೆ ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದರು. ಫ್ಯಾನ್ ಬೇಕಾದರೆ ಮೇಲೆ ಬೊಟ್ಟು ಮಾಡುತ್ತಿದ್ದರು, ನಾನು ಓಡಿ ಹೋಗಿ ಕರೆಯುತ್ತಿದ್ದೆ. ಫ್ಯಾನ್ ಎಂಬ ಮಾತು ಅವರ ಬಾಯಲ್ಲಿ ನೆಟ್ಟಗೇ ಬರುತ್ತಿತ್ತೇನೋ. ಆದರೆ ಅವರು ಪ್ರಯತ್ನಿಸಲೇ ಇಲ್ಲ. ಮಕ್ಕಳನ್ನು ಕರೆತರುವವರು ನಿಂತರು. ಐಸ್ ಫ್ಯಾಕ್ಟರಿಯ ಮುಂದೆಯೂ ಉದ್ದ ದಾರ ಹಿಡಿಸಬಹುದು ಎಂದು ಯಾರೋ ಹೇಳಿದರಂತೆ, ಎಲ್ಲರೂ ಅಲ್ಲಿಗೇ ಹೋದರು. ಬನ್ನಿನ ಬದಲು ಐಸ್ ಕ್ಯಾಂಡಿ. ಈ ಸುದ್ದಿ ಮುಟ್ಟಿದ ದಿನ ಅತ್ತೆ ಊಟದ ತಟ್ಟೆಯನ್ನು ಸರಿಸಿ ಎದ್ದರು. ನಾನು ಎದುರು ಕೂತು ಎಷ್ಟು ಮಾತಾಡಿಸಿದರೂ ಗೋಡೆಯ ಜೊತೆ ಮಾತಾಡಿದ ಹಾಗೆಯೇ. ಅವರ ಬೈಗುಳವಾದರೂ ಒಮ್ಮೆ ಕಿವಿಗೆ ಬೀಳಲಿ ಎಂದು ಬೇಕಂತಲೇ ಹಿಟ್ಟು ಹಳಸಿಸಿದ್ದೂ ಉಂಟು. ಅವರು ಮೂಸಿ ನೋಡಿ, ಸುಮ್ಮನೆ ಎತ್ತಿ ದನದ ಬಾನಿಗೆ ಹಾಕಿದರು.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನನಗೆ ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಪರಶಿವ ಮೈದಾ ತರಲು ಪಕ್ಕದೂರಿಗೆ ಹೋಗಿದ್ದರು. ಹಿಟ್ಟು ಉಬ್ಬಿ ಅಚ್ಚುಗಳಲ್ಲಿ ಕೂತಿತ್ತು, ಇನ್ನು ತಡ ಮಾಡಿದರೆ ಹುಳಿಯಾಗುತ್ತದೆ. ನಾನು ಅತ್ತೆಯ ಕೈ ಹಿಡಿದು ಓವನ್ ಕಡೆ ತೋರಿಸಿದೆ. ಬೇಕರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕಬ್ಬಿಣದ ಬಾಗಿಲ ಮೇಲೆ ಕೈಯಿಟ್ಟು ಕರೆದರು. ಒಂದು ಸಲ, ಮತ್ತೊಂದು ಸಲ. ದನಿಯಿಲ್ಲದ ನನಗೆ ಕೇಳಿಸಿಕೊಳ್ಳುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಕೇಳಿಸಿಕೊಂಡೆ. ಓ ಎನ್ನಲು ಅವರು ಬಾಯಿ ದುಂಡಗೆ ಮಾಡಹೊರಟರೆ ಜಾರಿದ ತುಟಿ ಹಲ್ಲಿಗೆ ತಾಗಿ, ಓ ಬರುವ ಮೊದಲೇ ಸಣ್ಣದೊಂದು ವಕಾರ ನುಸುಳುತ್ತಿತ್ತು. ವೋವನ್. ಅವರು ಆ್ಯನ್ ವೋವನ್ ಎನ್ನುತ್ತಿದ್ದರು. ಓವನ್ ತಣ್ಣಗೇ ಉಳಿಯಿತು. ಅವತ್ತಿನ ಹಿಟ್ಟು ಹಾಳಾಯಿತು.

ಸಂಜೆ ಸ್ವಲ್ಪ ದನಿ ಬಂದ ಮೇಲೆ ನಾನು ಸುಬ್ಬಕೃಷ್ಣ ಮೇಷ್ಟ್ರ ಮನೆಗೆ ಹೋದೆ. ಅವರು ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅತ್ತೆಗೂ ಅವರಿಗೂ ಹಳೆಯ ಸಲಿಗೆ. ಬ್ರೆಡ್ಡು ಕೊಳ್ಳಲು ಬಂದು ಮೂಗುದಾರದ ವಿಷಯಕ್ಕೆ ವಾದ ಮಾಡಿ ಹೋಗುವುದು ಅವರ ವಾಡಿಕೆಯಾಗಿತ್ತು. ನಾನು ಪಿಸುಗುಟ್ಟುತ್ತಲೇ ನಡೆದದ್ದನ್ನು ಹೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅಲ್ಲಮ್ಮ, ದಾರ ಕಟ್ಟೋದು ಅಕ್ಷರಕ್ಕಲ್ಲ, ಸದ್ದಿಗೆ. ಯೂನಿಫಾರ್ಮಿಗೆ ಯಾಕೆ ಗಿಡ್ಡ ದಾರ? ಬರೆಯೋದು ಹೇಗಾದರೂ ಇರಲಿ, ಬಾಯಲ್ಲಿ ಮೊದಲು ಬರೋದು ಯಕಾರ. ಎಕ್ಸ್-ರೇಗೆ ಯಾಕೆ ಉದ್ದ ದಾರ? ಬಾಯಲ್ಲಿ ಮೊದಲು ಬರೋದು ಎಕಾರ, ಸ್ವರ. ಮಕ್ಕಳಿಗೆ ಇದನ್ನೇ ಹೇಳ್ತಾ ಬಂದೆ."

"ಹಾಗಾದ್ರೆ ವೋವನ್ ಅನ್ನೋರಿಗೆ?"

ಅವರು ತುಟಿಯಲ್ಲೇ ವೋವನ್ ಎಂದು ಹೇಳಿ ನೋಡಿಕೊಂಡರು. "ಎ" ಎಂದರು ಆಮೇಲೆ. "ಎ ವೋವನ್. ಹಾಗೇ ಆಗಬೇಕು. ಇಷ್ಟು ವರ್ಷದಲ್ಲಿ ಹೀಗೆ ಯೋಚನೆ ಮಾಡೇ ಇಲ್ಲ ನೋಡು. ಆದರೆ ನಂಜಮ್ಮನಿಗೆ ಯಾರಮ್ಮ ಹೇಳೋರು?"

ನಾನೇ ಹೇಳಿದೆ, ಹಿತ್ತಿಲ ಬೆಂಚಿನ ಮೇಲೆ ಅವರ ಪಕ್ಕ ಕೂತು. ಅತ್ತೆ ಪೂರ್ತಿ ಕೇಳಿದರು. ಮುಖ ಕೆಂಪೇರಿತು. ತಿಂಗಳುಗಳ ಮೇಲೆ ಅವರು ನನ್ನ ಜೊತೆ ಮಾತಾಡಿದ್ದು ಆಗಲೇ. ಒಂದೊಂದು ಮಾತನ್ನೂ ಬಾಯಿಯ ಮೂಲೆಯಿಂದ ನೂಕಿ ನೂಕಿ ಹೊರಹಾಕಿದರು. "ತಪ್ಪು ಹೇಳಿ ವೋಲೆ ಹಚ್ಚು ಅಂತೀಯಾ? ಎಷ್ಟ್ ಮಕ್ಳ ಬಾಯಿ ತಿದ್ದಿದೀನಿ ನಾನು. ನಿನ್ ಬಾಯೂ ತಿದ್ದಿದೀನಿ. ಈಗ ಎ ಅನ್ಲಾ? ಬೆಂಕಿ ಬಿದ್ರೂ ಅನ್ನಲ್ಲ."

"ಬೆಂಕಿ ಬೀಳ್ಲಿ ಅಂತಾನೇ ಹೇಳ್ತಿರೋದು ಅತ್ತೆ" ಎಂದೆ. ಅವರು ನಗಲಿಲ್ಲ. ನನಗೆ ಮಾತ್ರ ಅವರು ಬೈದರಲ್ಲ ಎಂಬ ಸಮಾಧಾನವಿತ್ತು. ಆದರೆ ಮತ್ತೆ ಬಾಯಿ ಮುಚ್ಚಿಕೊಂಡರು.

ನಮ್ಮ ಬೇಕರಿಗೆ ಸೌದೆ ಹಾಕುತ್ತಿದ್ದವನು ಜವರಯ್ಯ. ನಡುವಯಸ್ಸು ದಾಟಿದವನು, ಹುಟ್ಟಿನಿಂದ ಸೀಳುತುಟಿ. ಅವನ ಮಾತು ಅಭ್ಯಾಸವಿದ್ದವರಿಗಷ್ಟೇ ಅರ್ಥವಾಗುತ್ತಿತ್ತು. ಇಲ್ಲಿ ನಾನು ಬರೆದಷ್ಟು ಸಲೀಸಾಗಿ ಅವನು ಆಡುತ್ತಿರಲಿಲ್ಲ. ಅವನು ಇಂಗ್ಲಿಷ್ ಹೆಸರಿನ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಬುಡ್ಡಿದೀಪ, ಬೀಸಣಿಗೆ, ಸೌದೆಗೆ ಮರದ ಗಾಡಿ. ಅವನ ಅಕ್ಕನನ್ನು ಗುಡ್ಡದಾಚೆಯ ಊರಿಗೆ ಕೊಟ್ಟಿತ್ತು. ಗಟ್ಟಿಯಾಗಿದ್ದಾಗ ನಡೆದೇ ಹೋಗಿಬರುತ್ತಿದ್ದ. ಮಂಡಿ ಸೋತ ಮೇಲೆ ಅಕ್ಕನ ಗಂಡ ಅವನನ್ನು ಕೂಸಿನಂತೆ ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತಲು ನೋಡಿದನಂತೆ. ಬಾಗಿಲು ತೆರೆಯಲಿಲ್ಲ, ಬಸ್ ಸ್ಟ್ಯಾಂಡು ನಕ್ಕಿತು. ಆ ಮೇಲೆ ಜವರಯ್ಯ ಆ ಕಡೆ ತಲೆ ಹಾಕಿರಲಿಲ್ಲ. ಬಾವ ತೀರಿಕೊಂಡ. ಅಕ್ಕನಿಗೆ ಕಣ್ಣು ಹೋಗಿ ಅವಳು ಬರುವುದೂ ನಿಂತಿತ್ತು.

ಅತ್ತೆ ಮಾತು ಬಿಟ್ಟ ಮೇಲೆ ಜವರಯ್ಯ ಸೌದೆ ಇಳಿಸಿ ಅವರ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಬೀಡಿ ಸೇದಿ ಹೋಗುತ್ತಿದ್ದ. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಒಂದು ದಿನ ನಾನು ಬಾವಿಕಟ್ಟೆಯಲ್ಲಿ ಅಚ್ಚು ತೊಳೆಯುತ್ತಿದ್ದೆ. ಅವನು ಬೀಡಿ ಹಚ್ಚದೆ ಕೂತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಅವ್ವಾ, ಹೇಮವ್ವ ಮೇಷ್ಟ್ರ ತಾವ್ಕೆ ಹೋಗಿದ್ದು ದಿಟವಾ? ನಿಮ್ ಬಾಯ್ಗೆ ಬ್ಯಾರೆ ದಾರ ಅದಂತಲ್ಲ?"

ಅತ್ತೆ ಕೈ ಕೊಡವಿದರು, ಆ ಮಾತು ಬೇಡ ಎನ್ನುವ ಹಾಗೆ.

"ನಮ್ಮವ್ವ ನನ್ನ ಇಲ್ಗೇ ಕರ್ಕಂಡ್ ಬಂದಿದ್ಲು" ಎಂದ ಜವರಯ್ಯ. "ಹೊಸ ಚಡ್ಡಿ ಹಾಕ್ಸಿ. ನಿಮ್ಮತ್ತೆ ಇದ್ರು ಆಗ. ನೀವು ಅಲ್ಲಿ, ಹಿಟ್ಟಿನ ಬಾನಿ ತಾವ ನಿಂತಿದ್ರಿ, ಹೊಸ ಮದ್ವಣಗಿತ್ತಿ. ನಿಮ್ಮತ್ತೆ ನನ್ ಮುಖ ನೋಡುದ್ರು, ಬನ್ ಕೊಟ್ರು, 'ಇವ್ನಿಗ್ಯಾಕವ್ವ ಕಷ್ಟ' ಅಂದ್ರು. ಒಳ್ಳೇ ಮನ್ಸಲ್ಲೇ ಅಂದ್ರು. ಬನ್ ಚೆಂದಾಗಿತ್ತು. ಆದ್ರೆ ಹೇಳ್ಸಲಿಲ್ಲ ಕಣವ್ವಾ. ಒಂದ್ ಸಲ ಹೇಳು ಅನ್ಲಿಲ್ಲ." ಅವನು ಎದ್ದು ಗಾಡಿಯ ಹಗ್ಗ ಹಿಡಿದ. "ನಿಮ್ಗೆ ಹೇಳ್ಕೊಡೋರವ್ರೆ. ಒಲ್ಲೆ ಅಂತೀರಿ."

ಅತ್ತೆ ಅವನು ಹೋದ ದಾರಿಯನ್ನೇ ನೋಡುತ್ತ ಕೂತರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಬಳಿ ಬಂದು, "ನಾನು ನೋಡಿದ್ದೆ. ಆ ಮಗು ಬಾಯಿ ತೆಗ್ದಿತ್ತು, ಹೇಳಕ್ಕೆ" ಎಂದರು. ಅಷ್ಟೇ ಹೇಳಿ ಮಲಗಲು ಹೋದರು.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಸೌದೆ ತುಂಬಿಯಾಗಿತ್ತು. ಅತ್ತೆ ಸ್ನಾನ ಮಾಡಿ, ಕುಂಕುಮವಿಟ್ಟು, ಓವನ್ ಮುಂದೆ ನಿಂತಿದ್ದರು. ಬ್ರೆಡ್ಡಿಗೆ ಬಂದ ನಾಲ್ಕಾರು ಜನ ಆಗಲೇ ಕಟ್ಟೆಯ ಮೇಲೆ ಕೂತಿದ್ದರು. ಯಾರೂ ಇಲ್ಲದಾಗ ಹೇಳಬಹುದಿತ್ತು. ಅವರು ಜನ ಬರುವ ತನಕ ಕಾದಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರು ಸೆರಗಿನ ತುದಿಯಲ್ಲಿ ಬಾಯಿ ಒರೆಸಿಕೊಂಡು, ಒಮ್ಮೆ ಕಣ್ಣು ಮುಚ್ಚಿ ತೆರೆದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಎ ವೋವನ್."

ಬೆಂಕಿ ಎಂದಿಗಿಂತ ಜೋರಾಗಿಯೇನೂ ಏಳಲಿಲ್ಲ. ಎಂದಿನಂತೆಯೇ ಧಗ್ಗೆಂದಿತು. ಅತ್ತೆ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

ಕಟ್ಟೆಯ ಮೇಲಿದ್ದ ಹೆಂಗಸೊಬ್ಬಳು, ಮೊಮ್ಮಗಳಿಗೆ ದಾರ ಹಿಡಿಸಲು ಐಸ್ ಫ್ಯಾಕ್ಟರಿಗೆ ಹೋಗಿದ್ದವಳು, "ಅಯ್ಯೋ ನಂಜಮ್ಮೋರೆ, ಓವನ್ನಿಗೆ ಎ ಅಂದ್ರಲ್ಲ! ಮಕ್ಳು ಕೇಳುಸ್ಕೊಂಡ್ರೆ ಕಲ್ತುಬುಡ್ತವೆ" ಎಂದಳು.

"ಅವುಕ್ಕೆ ನನ್ ಬಾಯಿದ್ರೆ ಕಲೀಲಿ" ಎಂದರು ಅತ್ತೆ. "ಅವುರ್ ಬಾಯಿ ಏನ್ ಹೇಳ್ತದೆ ಅಂತ ಮೊದ್ಲು ಕೇಳ್ಬೇಕು ಕಣವ್ವ. ನಾನೂ ಕೇಳ್ತಿರ್ಲಿಲ್ಲ."

ಅವತ್ತು ಕೆಲಸವೆಲ್ಲ ಮುಗಿದ ಮೇಲೆ ಅತ್ತೆ, ಸೌದೆ ಇಳಿಸುತ್ತಿದ್ದ ಜವರಯ್ಯನ ಎದುರು ಹೋಗಿ ನಿಂತರು. ಮೊದಲ ಒಬ್ಬೆಯ ಬನ್ನುಗಳನ್ನು ಒಂದು ಚೀಲಕ್ಕೆ ಹಾಕಿಟ್ಟಿದ್ದರು. "ಕೈ ತೊಳ್ಕೊ. ಬಸ್ ಸ್ಟ್ಯಾಂಡಿಗೆ ಹೋಗನ" ಎಂದರು. ಜವರಯ್ಯ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಕಣವ್ವಾ. ಜನ ನಗ್ತಾರೆ." ಅತ್ತೆ ತಮ್ಮ ಸೊಟ್ಟಗಾದ ಬಾಯಿಯನ್ನು ಬೆರಳಲ್ಲಿ ತೋರಿಸಿ, "ನಗೋರಿಗೆ ಇಬ್ರಿದೀವಿ ಬಾ" ಎಂದರು.

ನಾನೂ ಅವರ ಜೊತೆ ಹೋದೆ. ಅತ್ತೆ ಒಂದು ಕೈಯಲ್ಲಿ ನನ್ನ ಭುಜ ಹಿಡಿದಿದ್ದರು, ಜವರಯ್ಯ ಕುಂಟುತ್ತ ಹಿಂದೆ ಬರುತ್ತಿದ್ದ. ಗುಡ್ಡದಾಚೆಗೆ ಹೋಗುವ ಬಸ್ಸು ಬಾಗಿಲು ಮುಚ್ಚಿಕೊಂಡು ನಿಂತಿತ್ತು. ಒಬ್ಬೊಬ್ಬರೇ ಎ ಬಸ್ ಎಂದು ಒಳಗೆ ಹೋಗುತ್ತಿದ್ದರು. ಅತ್ತೆ ಅವನನ್ನು ಬಸ್ಸಿನ ಮುಂದೆ ನಿಲ್ಲಿಸದೆ, ಪಕ್ಕದ ಮರದ ಬುಡಕ್ಕೆ ಕರೆದೊಯ್ದರು. ಗಲ್ಲ ಹಿಡಿದರು. "ಮೂಗುದಾರ ಈಗ ಬೇಡ. ಬರೀ ಹೆಸ್ರು ಹೇಳು. ನಿಂಗೆ ಹೆಂಗ್ ಬರ್ತದೋ ಹಂಗೆ."

ಅವನು ಹೇಳಿದ. ಅತ್ತೆ ಕಣ್ಣು ಮುಚ್ಚಿ ಕೇಳಿದರು. "ಇನ್ನೊಂದ್ ಸಲ." ಅವನು ಹೇಳಿದ. ತುಟಿ ಕೂಡದ ಆ ಬಾಯಲ್ಲಿ ಬಕಾರ ಹುಟ್ಟುತ್ತಲೇ ಇರಲಿಲ್ಲ. ಗಂಟಲಿಂದ ನೇರವಾಗಿ ಅಸ್ ಎಂಬ ಸದ್ದು ಬರುತ್ತಿತ್ತು. ನನಗೂ ಕೇಳಿಸಿತು. ಅತ್ತೆ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ.

"ಉದ್ದ ದಾರ" ಎಂದರು ಅತ್ತೆ. "ಆ್ಯನ್ ಅನ್ನು. ಆಮೇಲೆ ನಿನ್ ಮಾತು ಹೇಳು."

"ಬಸ್ಸಿಗೆ ಆ್ಯನ್ ಅಂದ್ರೆ ಬೈತಾರೆ ಕಣವ್ವಾ."

"ಬಯ್ಯೋರು ಬಸ್ ಅನ್ನೋರು. ನೀನು ಬಸ್ ಅಂತಿಲ್ವಲ್ಲ."

ಅವನು ಬಸ್ಸಿನ ಬಾಗಿಲಿಗೆ ಹೋದ. ಜನ ದಾರಿ ಬಿಟ್ಟರು; ಕೆಲವರು ಗುರುತು ಹಿಡಿದು ಪಿಸುಗುಟ್ಟಿದರು. ಜವರಯ್ಯ ಬಾಯಿ ತೆರೆದ, ಮುಚ್ಚಿದ, ನಮ್ಮ ಕಡೆ ನೋಡಿದ. ಅತ್ತೆ ಏನೂ ಸನ್ನೆ ಮಾಡಲಿಲ್ಲ, ಸುಮ್ಮನೆ ನಿಂತಿದ್ದರು. ಅವನು ಮತ್ತೆ ಬಾಗಿಲ ಕಡೆ ತಿರುಗಿ, ಬಹಳ ಮೆಲ್ಲಗೆ ಏನೋ ಹೇಳಿದ. ನಮಗೆ ಕೇಳಿಸಲಿಲ್ಲ. ಬಾಗಿಲು ತೆರೆಯಿತು.

ಅವನು ಒಮ್ಮೆಗೇ ಹತ್ತಲಿಲ್ಲ. ತೆರೆದ ಬಾಗಿಲನ್ನು ನೋಡುತ್ತ ನಿಂತೇ ಇದ್ದ. "ಹತ್ತಯ್ಯ, ಮುಚ್ಕೊಂಡುಬಿಡ್ತದೆ" ಎಂದು ಹಿಂದಿದ್ದವರೊಬ್ಬರು ಅವನ ಬೆನ್ನಿಗೆ ಮೆತ್ತಗೆ ಕೈ ಹಾಕಿದರು. ನಾನು ಓಡಿ ಹೋಗಿ ಬನ್ನಿನ ಚೀಲವನ್ನು ಕಿಟಕಿಯಲ್ಲಿ ಕೊಟ್ಟೆ. ಒಳಗೆ ಕಂಡಕ್ಟರು ಎಲ್ಲಿಗೆ ಎಂದು ಕೇಳುತ್ತಿದ್ದ. ಜವರಯ್ಯ ಅಕ್ಕನ ಊರಿನ ಹೆಸರು ಹೇಳಿದ. ಕಂಡಕ್ಟರಿಗೆ ತಿಳಿಯಲಿಲ್ಲ. ಅವನು ತಲೆ ತಗ್ಗಿಸದೆ ಇನ್ನೂ ಜೋರಾಗಿ ಹೇಳಿದ. ಮೂರನೆಯ ಸಲಕ್ಕೆ ಕಂಡಕ್ಟರು "ಓ, ಸರಿ ಸರಿ" ಎಂದು ಟಿಕೆಟ್ ಹರಿದುಕೊಟ್ಟ. ಸೀಟು ಖಾಲಿಯಿದ್ದರೂ ಜವರಯ್ಯ ಕೂರಲಿಲ್ಲ. ಕಂಬಿ ಹಿಡಿದು, ಬಸ್ಸಿನೊಳಗಿನ ಎಲ್ಲವನ್ನೂ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನಮ್ಮ ಕಡೆ ಕೈ ಬೀಸುವುದೂ ಅವನಿಗೆ ನೆನಪಾಗಲಿಲ್ಲ.

ಬಸ್ಸು ಹೊರಟು ಗುಡ್ಡದ ತಿರುವಿನಲ್ಲಿ ಮರೆಯಾಯಿತು. ಅತ್ತೆ ಅಲ್ಲೇ ನಿಂತಿದ್ದರು. ನನಗೊಂದು ಆತಂಕ ಹುಟ್ಟಿತು. "ಅಲ್ಲಾ ಅತ್ತೆ, ಅವ್ನಕ್ಕಂಗೆ ಕಣ್ಣಿಲ್ಲ. ಇದ್ದಕ್ಕಿದ್ದಂಗೆ ಹೋಗಿ ಬಾಗ್ಲು ಬಡಿದ್ರೆ, ಯಾರೋ ಏನೋ ಅಂತ ಹೆದರ್ಕೊಳ್ಳಲ್ವಾ?"

"ಯಾಕ್ ಹೆದರ್ತಾಳೆ?" ಎಂದರು ಅತ್ತೆ. "ಆ ಬಾಯಿ ಇನ್ಯಾರಿಗದೆ? ಅಕ್ಕಾ ಅಂದ್ರೆ ಸಾಕು, ಗೊತ್ತಾಯ್ತದೆ."